ಪಾಂಪೇಯ ಒಂದು ತಿಂಡಿ ಅಂಗಡಿ: ಚಿಕ್ಕಮಗಳೂರಿನ ಹೋಟೆಲಿನವರ ಕಣ್ಣಿನಲ್ಲಿ

ಇಟಲಿ ಪ್ರವಾಸದ ಪಟ್ಟಿಯಲ್ಲಿ ಪಾಂಪೇ ನಗರಕ್ಕೆ ಸಾಮಾನ್ಯವಾಗಿ ಅರ್ಧ ದಿನ ಮೀಸಲಾಗಿರುತ್ತದೆ, ಆ ಅರ್ಧ ದಿನದಲ್ಲಿ ಅಲ್ಲಿನ ಅಂಗಡಿಗಳಿಗೆ ಸಿಗುವುದು ಒಂದು ಫೋಟೊ ತೆಗೆಯುವಷ್ಟು ಹೊತ್ತು ಮಾತ್ರ. ದೊಡ್ಡ ಮನೆಗಳು, ಸ್ನಾನಗೃಹಗಳು, ರಂಗಮಂದಿರ, ಬೂದಿಯಲ್ಲಿ ಅಚ್ಚಾಗಿ ಉಳಿದ ದೇಹಗಳ ಪ್ಲಾಸ್ಟರ್ ಎರಕಗಳು ಇವನ್ನೆಲ್ಲ ತೋರಿಸುವ ಭರದಲ್ಲಿ ಮಾರ್ಗದರ್ಶಕರು ಬೀದಿಬದಿಯ ಅಂಗಡಿಯ ಮುಂದೆ ನಿಂತು, ‘ಇದು ರೋಮನ್ನರ ಫಾಸ್ಟ್ ಫುಡ್’ ಎಂದು ಒಂದು ವಾಕ್ಯ ಹೇಳಿ ಮುಂದೆ ಸಾಗುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಪಾಂಪೇಯಲ್ಲಿ ಒಂದೇ ಒಂದು ಜಾಗವನ್ನು ನಿಧಾನವಾಗಿ ನೋಡಲು ಸಮಯವಿದ್ದರೆ ಅದನ್ನು ಲೂಸಿಯಸ್ ವೆಟುಟಿಯಸ್ ಪ್ಲಾಸಿಡಸ್ ಎಂಬುವನದೆಂದು ಗುರುತಿಸಲಾಗಿರುವ ತಿಂಡಿ ಅಂಗಡಿಗೆ ಕೊಡಬೇಕು. ಅಂಗಡಿಯ ಹಿಂದೆ ಕುಳಿತು ವ್ಯಾಪಾರ ಮಾಡಿದವರಿಗಂತೂ ಇದಕ್ಕಿಂತ ಹೆಚ್ಚು ಅರ್ಥವಾಗುವ ಪಾಳು ಕಟ್ಟಡ ಬೇರೆ ಸಿಗಲಾರದು.

ಹೀಗೆ ಹೇಳಲು ಕಾರಣ ನನ್ನ ಜೊತೆಯಲ್ಲಿದ್ದ ಚಿಕ್ಕಪ್ಪ. ಅವರು ಚಿಕ್ಕಮಗಳೂರಿನ ಬಸ್ ನಿಲ್ದಾಣದ ಬಳಿ ಬಹುಕಾಲ ಕಾಫಿ, ತಿಂಡಿಯ ಹೋಟೆಲ್ ನಡೆಸಿ, ಅದನ್ನು ಮಗನಿಗೆ ವಹಿಸಿ, ಈಗ ಮೂಡಿಗೆರೆ ಕಡೆಯ ಸಣ್ಣ ತೋಟದಲ್ಲಿ ಕಾಫಿ, ಮೆಣಸು ನೋಡಿಕೊಂಡು ಇದ್ದಾರೆ. ಚರಿತ್ರೆಯಲ್ಲಿ ಅವರಿಗೆ ವಿಶೇಷ ಆಸಕ್ತಿಯೇನೂ ಇಲ್ಲ. ಆದರೆ ಯಾವ ಊರಿನ ಯಾವ ಹೋಟೆಲಿಗೆ ಹೋದರೂ ಒಲೆ ಎಲ್ಲಿದೆ, ಗಲ್ಲಾದಲ್ಲಿ ಕೂತವನಿಗೆ ಬಾಗಿಲು ಕಾಣುತ್ತದೆಯೇ, ತೊಳೆದ ನೀರು ಎತ್ತ ಹರಿಯುತ್ತದೆ ಎಂದು ನೋಡದೆ ಅವರು ಕುರ್ಚಿ ಎಳೆದುಕೊಳ್ಳುವವರಲ್ಲ. ಪ್ಲಾಸಿಡಸನ ಅಂಗಡಿಯನ್ನೂ ಅವರು ಹಾಗೆಯೇ ಪರೀಕ್ಷಿಸಿದರು. ಈ ವಿಮರ್ಶೆಯಲ್ಲಿ ಅಂಗಡಿಯ ಗುಣದೋಷಗಳ ಕುರಿತು ಇರುವ ಮಾತುಗಳಲ್ಲಿ ಹೆಚ್ಚಿನವು ಅವರವೇ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಕ್ರಿ.ಶ. 79ರಲ್ಲಿ ವಿಸೂವಿಯಸ್ ಜ್ವಾಲಾಮುಖಿ ಸ್ಫೋಟಿಸಿ ಪಾಂಪೇ ಬೂದಿ ಮತ್ತು ಹಗುರ ಕಲ್ಲುಗಳ ಅಡಿಯಲ್ಲಿ ಹೂತುಹೋಯಿತು. 1748ರಲ್ಲಿ ಅಗೆತ ಆರಂಭವಾಯಿತು, 1763ರಲ್ಲಿ ಸಿಕ್ಕ ಶಾಸನವೊಂದರಿಂದ ಇದೇ ಪಾಂಪೇ ಎಂದು ಖಚಿತವಾಯಿತು. ಸುಮಾರು 66 ಹೆಕ್ಟೇರ್ ವಿಸ್ತಾರದ ನಗರದಲ್ಲಿ ಮೂರನೆಯ ಒಂದು ಭಾಗ ಇಂದಿಗೂ ಮಣ್ಣಿನಡಿಯಲ್ಲೇ ಇದೆ. 1997ರಲ್ಲಿ ಯುನೆಸ್ಕೊ ಇದನ್ನು ನೆರೆಯ ಹರ್ಕ್ಯುಲೇನಿಯಂ ಮತ್ತು ಟೊರೆ ಅನುಂಜಿಯಾಟಾದ ಅವಶೇಷಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೇಲೂರು, ಹಳೇಬೀಡುಗಳನ್ನು ಬಾಲ್ಯದಿಂದ ನೋಡಿ ಬೆಳೆದ ನಮ್ಮ ಕಡೆಯವರಿಗೆ ಪಾಳು ಎಂದರೆ ದೇವಾಲಯವೆಂದೇ ರೂಢಿಯಾಗಿದೆ. ಇಂದಿನ ಹಳೇಬೀಡು, ಅಂದರೆ ದೋರಸಮುದ್ರ, ಹೊಯ್ಸಳರ ರಾಜಧಾನಿಯಾಗಿತ್ತು. ಅಲ್ಲಿ ಸೆಟ್ಟಿಗಳಿದ್ದರು, ಸಂತೆಗಳಿದ್ದವು, ಸುಂಕದ ಲೆಕ್ಕವಿತ್ತು, ಶಾಸನಗಳಲ್ಲಿ ವರ್ತಕರ ದಾನದತ್ತಿಗಳ ವಿವರ ಧಾರಾಳವಾಗಿ ಸಿಗುತ್ತದೆ. ಆದರೆ ಆ ಸೆಟ್ಟಿಗಳು ಕುಳಿತ ಅಂಗಡಿಯನ್ನು ನೋಡಬೇಕೆಂದರೆ ಹಳೇಬೀಡಿನಲ್ಲಿ ಒಂದೂ ಇಲ್ಲ. ಬಳಪದ ಕಲ್ಲಿನಲ್ಲಿ ಕಟ್ಟಿದ್ದು ನಿಂತಿತು, ಮರ ಮತ್ತು ಮಣ್ಣಿನಲ್ಲಿ ಕಟ್ಟಿದ್ದು ಹೋಯಿತು. ಪಾಂಪೇಯಲ್ಲಿ ಉಳಿದಿರುವುದು ಬೀದಿಗೆ ಬೀದಿಯೇ, ಅದರ ಜೊತೆಗೆ ದೇವರಿಗೋ ದೊರೆಗೋ ಸಂಬಂಧಿಸದ, ದಿನವೂ ಬಾಗಿಲು ತೆರೆದು ಮುಚ್ಚುತ್ತಿದ್ದ ಸಾಮಾನ್ಯರ ವ್ಯಾಪಾರದ ಜಾಗ. ಇಷ್ಟು ದೂರದ ಪ್ರಯಾಣದ ಖರ್ಚಿಗೆ ಇದೊಂದೇ ಸಾಕಷ್ಟು ಸಮರ್ಥನೆ ಎಂದು ನನಗನ್ನಿಸಿತು.

ಅಂಗಡಿ ಇರುವುದು ವಿಯಾ ದೆಲ್ ಅಬ್ಬೊಂದಾಂತ್ಸಾ ಎಂಬ ಮುಖ್ಯ ಬೀದಿಯಲ್ಲಿ, ಫೋರಂ ಎಂಬ ನಗರದ ಚೌಕದಿಂದ ಪೂರ್ವಕ್ಕೆ ನಡೆದರೆ ಬಲಬದಿಗೆ. ಬೀದಿಯ ಮುಖವಾಗಿ ಅಗಲವಾದ ತೆರೆದ ಬಾಯಿ, ಅದರ ತುಂಬ ಗಾರೆಯ ಕಟ್ಟೆ. ನಾವು ಕೌಂಟರ್ ಎನ್ನುವುದು ಇದನ್ನೇ. ಒಳಗೆ ಕಾಲಿಡಲು ಎಲ್ಲ ಕಾಲದಲ್ಲೂ ಬಿಡುವುದಿಲ್ಲ. ಆದರೂ ಬೀದಿಯಲ್ಲಿ ನಿಂತೇ ಬಹುಪಾಲು ಕಾಣುತ್ತದೆ. ಗಿರಾಕಿ ನಿಲ್ಲುತ್ತಿದ್ದುದೂ ಅಲ್ಲಿಯೇ ಆದ್ದರಿಂದ ಇದನ್ನು ಕೊರತೆ ಎನ್ನುವಂತಿಲ್ಲ.

ಚಿಕ್ಕಪ್ಪ ಮೊದಲು ಬಗ್ಗಿ ನೋಡಿದ್ದು ಹೊಸ್ತಿಲನ್ನು. ಪಾಂಪೇಯ ಅಂಗಡಿಗಳ ಕಲ್ಲಿನ ಹೊಸ್ತಿಲಿನಲ್ಲಿ ಉದ್ದಕ್ಕೆ ಒಂದು ತೋಡು ಕೊರೆದಿರುತ್ತಾರೆ. ಅದರ ಒಂದು ತುದಿಯಲ್ಲಿ ತೋಡು ನಿಂತು, ಬಾಗಿಲ ಗೂಟ ತಿರುಗುವ ಕುಳಿ ಇರುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಮರದ ಹಲಗೆಗಳನ್ನು ಒಂದರ ಪಕ್ಕ ಒಂದು ತೋಡಿನೊಳಗೆ ಸರಿಸಿ ನಿಲ್ಲಿಸಿ, ಕೊನೆಯ ಕಿರುಬಾಗಿಲನ್ನು ಒಳಗಿನಿಂದಲೋ ಹೊರಗಿನಿಂದಲೋ ಭದ್ರಪಡಿಸುವುದು ಇದರ ಕ್ರಮ. ಮರ ಕೊಳೆತು ಹೋದರೂ ಬೂದಿಯಲ್ಲಿ ಮೂಡಿದ್ದ ಅದರ ಅಚ್ಚಿಗೆ ಪ್ಲಾಸ್ಟರ್ ಸುರಿದು ತೆಗೆದ ಎರಕಗಳು ಬೇರೆ ಅಂಗಡಿಗಳಲ್ಲಿ ಸಿಕ್ಕಿರುವುದರಿಂದ ಈ ವ್ಯವಸ್ಥೆ ಊಹೆಯದಲ್ಲ. ರೋಲಿಂಗ್ ಶಟರ್ ಬರುವ ಮೊದಲು ನಮ್ಮ ಹಾಸನ, ಚಿಕ್ಕಮಗಳೂರು ಪೇಟೆಗಳ ದಿನಸಿ ಅಂಗಡಿಗಳೂ ಹಲಗೆ ಜೋಡಿಸಿಯೇ ಮುಚ್ಚುತ್ತಿದ್ದವು, ಹಲಗೆಗಳ ಕ್ರಮ ತಪ್ಪದಂತೆ ಅವುಗಳ ಮೇಲೆ ಒಂದು, ಎರಡು ಎಂದು ಬರೆದಿರುತ್ತಿತ್ತು. ಚಿಕ್ಕಪ್ಪ ಹದಿಹರೆಯದಲ್ಲಿ ತಮ್ಮ ತಂದೆಯ ಅಂಗಡಿಯ ಹಲಗೆ ಎತ್ತಿ ಇಳಿಸಿದವರು. ಹೊಸ್ತಿಲಿನ ಅಂಚು ಒಂದು ಕಡೆ ಮಾತ್ರ ಸವೆದಿರುವುದನ್ನು ತೋರಿಸಿ, ‘ಹಲಗೆ ತೆಗೆಯೋದು ಯಾವಾಗಲೂ ಒಂದೇ ಕಡೆಯಿಂದ ಕಣೋ’ ಎಂದರು. ಯಾವ ಮಾರ್ಗದರ್ಶಕರೂ ಇದನ್ನು ಹೇಳಲಿಲ್ಲ.

ಕಟ್ಟೆ ಇಂಗ್ಲಿಷಿನ ‘L’ ಅಕ್ಷರದಂತೆ ಮೂಲೆ ತಿರುಗಿ ಒಳಕ್ಕೆ ಚಾಚಿಕೊಂಡಿದೆ. ಅದರ ಮೇಲ್ಮೈಗೆ ಬಣ್ಣಬಣ್ಣದ ಅಮೃತಶಿಲೆಯ ತುಂಡುಗಳನ್ನು ಹೊಂದಿಸಿ ಕೂರಿಸಿದ್ದಾರೆ. ಒಂದೇ ದೊಡ್ಡ ಚಪ್ಪಡಿ ಕೊಳ್ಳುವ ಶಕ್ತಿ ಇಲ್ಲದವನು ದೊಡ್ಡ ಕಟ್ಟಡಗಳಲ್ಲಿ ಮಿಕ್ಕ ಚೂರುಗಳನ್ನು ಕೊಂಡು ಮಾಡಿಸಿದ ಕೆಲಸದಂತೆ ಕಾಣುತ್ತದೆ. ಇಂಥ ಕೆಲಸ ಪಾಂಪೇಯ ಅನೇಕ ಅಂಗಡಿಗಳಲ್ಲಿದೆ. ಒಡೆದ ಟೈಲ್ಸ್ ಜೋಡಿಸಿ ಹೋಟೆಲಿನ ನೆಲ ಮಾಡಿಸಿದ ನಮ್ಮವರ ಜಾಣತನವನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕಟ್ಟೆಯ ಎತ್ತರ ನಿಂತು ತಿನ್ನುವವರಿಗೆ ಸರಿಯಾಗಿದೆ, ಬೀದಿಯ ಕಾಲುದಾರಿಯಿಂದ ಕೈಚಾಚಿದರೆ ಲೋಟ ಸಿಗುವಂತಿದೆ. ಒಳಗಿನವನು ಹೆಜ್ಜೆ ಕೀಳದೆ ಬೀದಿಯ ಗಿರಾಕಿಯನ್ನೂ ಒಳಗೆ ಬಂದವನನ್ನೂ ವಿಚಾರಿಸಿಕೊಳ್ಳಬಹುದು. ‘ಇಬ್ಬರು ಸಾಕು, ಸಪ್ಲೈಯರ್ ಬೇಕಿಲ್ಲ’ ಎಂಬುದು ಚಿಕ್ಕಪ್ಪನ ತೀರ್ಪು. ಅವರು ಮೆಚ್ಚಿ ಆಡಿದ ಮಾತುಗಳಲ್ಲಿ ಇದೇ ದೊಡ್ಡದು.

ಕಟ್ಟೆಯೊಳಗೆ ಗಾರೆ ಹಾಕಿ ಹೂತು ಕೂರಿಸಿದ ಮಣ್ಣಿನ ಗುಡಾಣಗಳಿವೆ, ಅವುಗಳ ಬಾಯಿ ಮಾತ್ರ ಮೇಲ್ಮೈಯಲ್ಲಿ ತೆರೆದುಕೊಂಡಿದೆ. ಪ್ರವಾಸಿಗರಿಗೆ ಹೇಳುವ ಕಥೆಯ ಪ್ರಕಾರ ಇವುಗಳಲ್ಲಿ ಬಿಸಿ ಸಾರು, ಬೇಯಿಸಿದ ಪದಾರ್ಥ, ದ್ರಾಕ್ಷಾರಸ ತುಂಬಿಡುತ್ತಿದ್ದರು. ಚಿಕ್ಕಪ್ಪ ಇದನ್ನು ಒಪ್ಪಲಿಲ್ಲ. ಎತ್ತಲಾಗದ, ಬೋರಲು ಹಾಕಲಾಗದ, ಬುಡಕ್ಕೆ ಕೈ ಎಟುಕದ ಪಾತ್ರೆಯಲ್ಲಿ ಸಾರು ಇಟ್ಟರೆ ಮಾರನೆಯ ದಿನ ಅದನ್ನು ಯಾವ ಕ್ಲೀನರ್ ತೊಳೆಯುತ್ತಾನೆ ಎಂಬುದು ಅವರ ಪ್ರಶ್ನೆ. ಒಳಮೈಗೆ ಮೆರುಗಿಲ್ಲದ ಮಣ್ಣಿನ ಪಾತ್ರೆ ಎಣ್ಣೆ, ಹುಳಿ ಎಲ್ಲವನ್ನೂ ಹೀರಿಕೊಂಡು ವಾರದೊಳಗೆ ನಾತ ಹೊಡೆಯುತ್ತದೆ. ಕೆಳಗಿನಿಂದ ಬೆಂಕಿ ಕೊಡಲು ಜಾಗವೂ ಇಲ್ಲ. ಊರಿಗೆ ಬಂದ ಮೇಲೆ ಓದಿದಾಗ ವಿದ್ವಾಂಸರಲ್ಲೂ ಅನೇಕರು ಇದೇ ಕಾರಣಗಳನ್ನು ಕೊಟ್ಟು, ಈ ಗುಡಾಣಗಳಲ್ಲಿ ಕಾಳು, ಒಣಹಣ್ಣು, ಬೀಜಗಳಂಥ ಒಣ ಪದಾರ್ಥಗಳೇ ಇದ್ದವೆಂದು ವಾದಿಸಿರುವುದು ತಿಳಿಯಿತು. ಹರ್ಕ್ಯುಲೇನಿಯಂನ ಅಂಗಡಿಯ ಗುಡಾಣಗಳಲ್ಲಿ ಸುಟ್ಟು ಕರಿಕಾದ ಒಣ ಪದಾರ್ಥಗಳು ಸಿಕ್ಕಿರುವುದು ಅವರ ವಾದಕ್ಕೆ ಆಧಾರ.

ಆದರೆ ಚರ್ಚೆ ಅಷ್ಟಕ್ಕೇ ಮುಗಿಯುವುದಿಲ್ಲ. ನಗರದ ಉತ್ತರ ಭಾಗದಲ್ಲಿ, ಎರಡು ಗಲ್ಲಿಗಳು ಕೂಡುವ ಮೂಲೆಯಲ್ಲಿ 2019ರಲ್ಲಿ ಭಾಗಶಃ ಕಂಡು, 2020ರಲ್ಲಿ ಪೂರ್ಣವಾಗಿ ಅಗೆದು, 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಇನ್ನೊಂದು ಅಂಗಡಿಯಿದೆ. ಅದರ ಕಟ್ಟೆಯ ಮುಖಕ್ಕೆ ಬಳಿದ ಚಿತ್ರಗಳ ಬಣ್ಣ ಇನ್ನೂ ಮಾಸಿಲ್ಲ: ತಲೆಕೆಳಗಾಗಿ ತೂಗುಬಿಟ್ಟ ಬಾತುಕೋಳಿಗಳು, ಒಂದು ಹುಂಜ, ಸರಪಳಿ ಕಟ್ಟಿದ ನಾಯಿ. ನಾಯಿಯ ಚಿತ್ರದ ಚೌಕಟ್ಟಿನಲ್ಲಿ ಯಾರೋ ಕಿಡಿಗೇಡಿ ಗೀಚಿದ ಬೈಗುಳವೂ ಇದೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಈ ಅಂಗಡಿಯ ಪಾತ್ರೆಗಳಲ್ಲಿ ಬಾತುಕೋಳಿಯ ಮೂಳೆ, ಹಂದಿ, ಆಡು, ಮೀನು ಮತ್ತು ಬಸವನಹುಳುವಿನ ಅವಶೇಷಗಳು ದೊರೆತವು. ಒಂದು ಗುಡಾಣದ ತಳದಲ್ಲಿ ಪುಡಿಮಾಡಿದ ಅವರೆ ಜಾತಿಯ ಕಾಳು ಸಿಕ್ಕಿತು. ದ್ರಾಕ್ಷಾರಸದ ಬಣ್ಣ ಮತ್ತು ರುಚಿ ತಿದ್ದಲು ಅದನ್ನು ಹಾಕುತ್ತಿದ್ದರೆಂದು ರೋಮನ್ನರ ಪಾಕಗ್ರಂಥದಲ್ಲಿಯೇ ಇದೆ. ಆದ್ದರಿಂದ ಎಲ್ಲ ಅಂಗಡಿಗಳಲ್ಲೂ ಒಂದೇ ಪದ್ಧತಿ ಇತ್ತೆಂದು ಹೇಳುವುದು ಕಷ್ಟ. ಚಿಕ್ಕಪ್ಪ ಇದನ್ನು ಕೇಳಿದ ಮೇಲೂ ತಮ್ಮ ಅಭಿಪ್ರಾಯ ಬದಲಿಸಲಿಲ್ಲ, ಆ ಅಂಗಡಿಗೆ ಹೋಗುವ ಗಿರಾಕಿಗಳ ಹೊಟ್ಟೆಯ ಬಗ್ಗೆ ಮಾತ್ರ ಒಂದು ಮಾತು ಸೇರಿಸಿದರು. ಸಸ್ಯಾಹಾರಿಗಳಾದ ನಮ್ಮಿಬ್ಬರಿಗೂ ಅಲ್ಲಿನ ಪಟ್ಟಿಯಲ್ಲಿ ತಿನ್ನುವಂಥದ್ದು ಹೆಚ್ಚೇನೂ ಇರಲಿಲ್ಲ ಎಂಬುದು ನಿಜ.

ಪ್ಲಾಸಿಡಸನ ಅಂಗಡಿಗೆ ಮರಳುತ್ತೇನೆ, ಏಕೆಂದರೆ ಅದರ ಅತ್ಯಂತ ಒಳ್ಳೆಯ ಭಾಗ ಹಿಂಬದಿಯ ಗೋಡೆಯಲ್ಲಿದೆ. ಕಟ್ಟೆಯ ಹಿಂದೆ ನಿಂತವನ ಬೆನ್ನಿಗೆ, ಬೀದಿಯಿಂದ ಬಂದವನ ಕಣ್ಣಿಗೆ ನೇರವಾಗಿ ಬೀಳುವಂತೆ, ಗಾರೆಯಲ್ಲಿ ಕಂಬ ಮತ್ತು ಮೇಲುಚಾವಣಿ ಮೂಡಿಸಿದ ಪುಟ್ಟ ಗುಡಿಯಂಥ ಚೌಕಟ್ಟಿದೆ. ಅದರೊಳಗೆ ವರ್ಣಚಿತ್ರ: ನಡುವೆ ವೇದಿಕೆಯ ಬಳಿ ಪೂಜೆ ಸಲ್ಲಿಸುತ್ತಿರುವ ಮನೆಯ ಯಜಮಾನನ ರಕ್ಷಕ ಶಕ್ತಿ, ಅವನ ಎರಡು ಬದಿಗೆ ಮನೆಯನ್ನು ಕಾಯುವ ಲಾರೆಗಳೆಂಬ ಜೋಡಿ ದೇವತೆಗಳು, ಒಂದು ತುದಿಗೆ ಹಣದ ಚೀಲ ಹಿಡಿದ ವ್ಯಾಪಾರದ ದೇವರು ಮರ್ಕ್ಯುರಿ, ಇನ್ನೊಂದು ತುದಿಗೆ ಮದ್ಯದ ದೇವರು ಬ್ಯಾಕಸ್. ಕೆಳಗಿನ ಸಾಲಿನಲ್ಲಿ ಎರಡು ಹಾವುಗಳು ನೈವೇದ್ಯವಿಟ್ಟ ವೇದಿಕೆಯತ್ತ ಎರಡು ಕಡೆಯಿಂದಲೂ ಹರಿದು ಬರುತ್ತಿವೆ. ಆ ಸ್ಥಳಕ್ಕೆ ಒಳಿತು ಮಾಡುವ ಹಾವುಗಳೆಂದು ರೋಮನ್ನರು ಇವುಗಳನ್ನು ಪೂಜಿಸುತ್ತಿದ್ದರು. ನಮ್ಮ ಗುಂಪಿನಲ್ಲಿದ್ದ ಯೂರೋಪಿನ ಪ್ರವಾಸಿಗರಿಗೆ ಈ ಚಿತ್ರವನ್ನು ವಿವರಿಸಲು ಮಾರ್ಗದರ್ಶಕರು ಬಹಳ ಶ್ರಮಪಟ್ಟರು. ಅಂಗಡಿಯಲ್ಲಿ ದೇವರೇಕೆ, ಅದೂ ಗಿರಾಕಿಗೆ ಕಾಣುವಂತೆ ಏಕೆ ಎಂದು ಅವರು ಕೇಳುತ್ತಲೇ ಇದ್ದರು. ಗಲ್ಲಾದ ಮೇಲೆ ಲಕ್ಷ್ಮಿಯ ಪಟಕ್ಕೆ ಹೂ ಮುಡಿಸಿ, ಊದುಬತ್ತಿ ಹಚ್ಚಿದ ನಂತರವೇ ಮೊದಲ ಕಾಫಿ ಕೊಡುವ ಊರಿನಿಂದ ಬಂದವರಿಗೆ ಈ ಪಾಠ ಬೇಕಾಗಲಿಲ್ಲ. ಅಶ್ವತ್ಥಕಟ್ಟೆಯ ನಾಗರಕಲ್ಲು ನೋಡಿದವರಿಗೆ ಜೋಡಿ ಹಾವೂ ಹೊಸದಲ್ಲ. ಬಣ್ಣ ಅಲ್ಲಲ್ಲಿ ಉದುರಿದ್ದರೂ ಮರ್ಕ್ಯುರಿಯ ಕೈಚೀಲ ಬೀದಿಯಿಂದಲೇ ಗುರುತಿಸುವಷ್ಟು ಸ್ಪಷ್ಟವಾಗಿದೆ. ಬೆಳಗಿನ ಹೊತ್ತು ಬೆಳಕು ಚೆನ್ನಾಗಿರುತ್ತದೆ.

ಅಗೆಯುವಾಗ ಈ ಕಟ್ಟೆಯ ಗುಡಾಣವೊಂದರಲ್ಲಿ ಸಾವಿರಕ್ಕೂ ಹೆಚ್ಚು ಚಿಲ್ಲರೆ ನಾಣ್ಯಗಳು, ಒಟ್ಟು ಸುಮಾರು 3 ಕಿಲೋ ತೂಕದಷ್ಟು, ಸಿಕ್ಕವು. ಇದು ಅಂಗಡಿಯ ಕೊನೆಯ ದಿನಗಳ ವ್ಯಾಪಾರದ ಹಣ ಎಂದು ಹೇಳುವುದು ವಾಡಿಕೆ, ಗಾಬರಿಯಲ್ಲಿ ಗುಡಾಣದೊಳಗೆ ಬಚ್ಚಿಟ್ಟು ಮಾಲೀಕ ಓಡಿರಬಹುದು ಎಂಬ ಮಾತೂ ಇದೆ. ಚಿಕ್ಕಪ್ಪ ಇಲ್ಲಿಯೂ ವೃತ್ತಿಯವರ ಲೆಕ್ಕ ಹಾಕಿದರು. ಓಡುವವನು ಬೆಲೆಬಾಳುವ ನಾಣ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು ಭಾರದ ಚಿಲ್ಲರೆಯನ್ನು ಬಿಟ್ಟುಹೋಗುತ್ತಾನೆ, ಆದ್ದರಿಂದ ಸಿಕ್ಕಿದ್ದು ಅವನ ಗಳಿಕೆ ಅಲ್ಲ, ಅವನು ಹೊರಲಾರದೆ ಉಳಿಸಿದ್ದು. ಜೊತೆಗೆ ಅಷ್ಟು ಚಿಲ್ಲರೆ ಇಟ್ಟುಕೊಂಡಿದ್ದವನು ಒಳ್ಳೆಯ ವ್ಯಾಪಾರಿಯೇ ಇರಬೇಕು, ಏಕೆಂದರೆ ಚಿಲ್ಲರೆ ಇಲ್ಲವೆನ್ನುವ ಹೋಟೆಲಿಗೆ ಬೆಳಗಿನ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಈ ವಾದ ಪುರಾತತ್ವಜ್ಞರಿಗೆ ಎಷ್ಟು ಒಪ್ಪಿಗೆಯಾಗುತ್ತದೋ ನಾನು ಹೇಳಲಾರೆ, ನನಗಂತೂ ಒಪ್ಪಿಗೆಯಾಯಿತು. ಹೊರಗೋಡೆಯ ಚುನಾವಣಾ ಬರಹ ಮತ್ತು ಇಲ್ಲಿ ಸಿಕ್ಕ ಹೂಜಿಗಳ ಮೇಲಿದ್ದ ಹೆಸರಿನಿಂದ ಮಾಲೀಕ ಪ್ಲಾಸಿಡಸ್ ಎಂದು ಗುರುತಿಸಿದ್ದಾರೆ. ಅಂಗಡಿಯ ಹಿಂದೆಯೇ ಅವನ ಮನೆ, ಅದರಲ್ಲಿ ಚಿತ್ರ ಬರೆಸಿದ ಊಟದ ಕೋಣೆ, ಸಣ್ಣ ತೋಟ. ಮುಂದೆ ವ್ಯಾಪಾರ, ಹಿಂದೆ ಸಂಸಾರ ಎಂಬ ವ್ಯವಸ್ಥೆಯ ಅನುಕೂಲವನ್ನು ವಿವರಿಸಬೇಕಾಗಿಲ್ಲ.

ಕೊರತೆಗಳಿಗೆ ಬರುತ್ತೇನೆ. ಕೂರಲು ಜಾಗ ಕಡಿಮೆ, ಹೊಗೆ ಹೋಗಲು ಸರಿಯಾದ ಹೊಗೆಗೂಡು ಕಾಣುವುದಿಲ್ಲ, ಕೈ ತೊಳೆಯುವುದಕ್ಕೆ ಬೀದಿಯ ನಲ್ಲಿಕಟ್ಟೆಯೇ ಗತಿ. ಆದರೆ ಈ ಅಂಗಡಿ ಯಾರಿಗಾಗಿ ಇತ್ತೆಂಬುದನ್ನು ನೆನೆದರೆ ಇವು ಅಷ್ಟು ದೊಡ್ಡ ದೋಷಗಳಲ್ಲ. ಮಾಳಿಗೆಯ ಮೇಲಿನ ಒಂದೇ ಕೋಣೆಯಲ್ಲಿ, ಅಡುಗೆಮನೆ ಇಲ್ಲದೆ ಬದುಕುತ್ತಿದ್ದ ಕೂಲಿಗಳು, ಗುಲಾಮರು, ಬಿಡುಗಡೆ ಪಡೆದ ಗುಲಾಮರು, ಪರಊರಿನ ಗಾಡಿಯವರು ಇಲ್ಲಿ ನಿಂತು ತಿಂದು ಹೋಗುತ್ತಿದ್ದರು. ಪಾಂಪೇ ಒಂದರಲ್ಲೇ ಇಂಥ ಅಂಗಡಿಗಳು ಸುಮಾರು 80 ಇದ್ದವೆಂದು ಅಲ್ಲಿನ ಅಧಿಕಾರಿಗಳು ಹೇಳುತ್ತಾರೆ, ಇನ್ನೂ ಹೆಚ್ಚೆಂದು ಎಣಿಸುವವರೂ ಇದ್ದಾರೆ. ಸಿರಿವಂತರಿಗೆ ಈ ಜಾಗಗಳೆಂದರೆ ತಾತ್ಸಾರ, ಸರ್ಕಾರಕ್ಕೆ ಅನುಮಾನ. ರೋಮ್ ನಗರದಲ್ಲಿ ಕ್ಲಾಡಿಯಸ್ ಚಕ್ರವರ್ತಿ ಬೇಯಿಸಿದ ಮಾಂಸವನ್ನೂ ಬಿಸಿನೀರನ್ನೂ ಮಾರಬಾರದೆಂದು ಆಜ್ಞೆ ಹೊರಡಿಸಿದ, ನೀರೋ ಕಾಳು, ತರಕಾರಿಗಳನ್ನು ಬಿಟ್ಟು ಬೇರೆ ಬೇಯಿಸಿದ್ದನ್ನು ನಿಷೇಧಿಸಿದ, ವೆಸ್ಪೇಸಿಯನ್ ಕಾಲದಲ್ಲಿ ಕಾಳಿಗೆ ಮಾತ್ರ ಅನುಮತಿ ಉಳಿಯಿತು. ಒಬ್ಬರ ಮೇಲೊಬ್ಬರು ಅದೇ ಆಜ್ಞೆಯನ್ನು ಹೊರಡಿಸುತ್ತಾ ಹೋದರೆಂದರೆ ಅದನ್ನು ಯಾರೂ ಪಾಲಿಸುತ್ತಿರಲಿಲ್ಲವೆಂದೇ ಅರ್ಥ.

ದರದ ವಿಷಯ. ಪ್ಲಾಸಿಡಸನ ಅಂಗಡಿಯ ದರಪಟ್ಟಿ ಉಳಿದಿಲ್ಲ, ಆದರೆ ಪಾಂಪೇಯ ಮತ್ತೊಂದು ಮದ್ಯದಂಗಡಿಯ ಗೋಡೆಬರಹ ಉಳಿದಿದೆ: ಆಸ್ ಎಂಬ ಚಿಲ್ಲರೆ ನಾಣ್ಯ ಒಂದು ಕೊಟ್ಟರೆ ಇಲ್ಲಿ ಕುಡಿಯಬಹುದು, ಎರಡು ಕೊಟ್ಟರೆ ಇನ್ನೂ ಒಳ್ಳೆಯದು, ನಾಲ್ಕು ಕೊಟ್ಟರೆ ಫಲೇರ್ನಿಯನ್ ಸಿಗುತ್ತದೆ ಎಂದು. ಫಲೇರ್ನಿಯನ್ ಅಂದಿನ ಹೆಸರಾಂತ ದ್ರಾಕ್ಷಾರಸ. ಹರ್ಕ್ಯುಲೇನಿಯಂನ ಅಂಗಡಿಯೊಂದರ ಹೊರಗೋಡೆಯಲ್ಲಿ ಬೇರೆ ಬೇರೆ ಬಣ್ಣದ ನಾಲ್ಕು ಹೂಜಿಗಳ ಚಿತ್ರ ಬರೆದು ಪ್ರತಿಯೊಂದರ ಕೆಳಗೆ ದರ ಹಾಕಿದ್ದಾರೆ. ಓದು ಬಾರದ ಗಿರಾಕಿಗೂ ಬಣ್ಣ ತೋರಿಸಿ ಕೇಳುವ ಅನುಕೂಲ ಅದರಲ್ಲಿದೆ. ಚಿಕ್ಕಪ್ಪ ಬಹಳ ಹೊತ್ತು ನಿಂತದ್ದು ಆ ಗೋಡೆಯ ಮುಂದೆಯೇ.

ಇಲ್ಲಿ ಒಂದು ಲೆಕ್ಕವನ್ನು ನಮ್ಮ ಮಲೆನಾಡಿನ ಓದುಗರಿಗಾಗಿ ಮಾಡಬೇಕು. ಹದಿನಾರು ಆಸ್ ಸೇರಿದರೆ ಒಂದು ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ. ಆ ಕಾಲದ ಪ್ಲಿನಿ ಎಂಬ ಪಂಡಿತ ತನ್ನ ಗ್ರಂಥದಲ್ಲಿ ಕರಿಮೆಣಸಿನ ದರ ಒಂದು ರೋಮನ್ ಪೌಂಡಿಗೆ ನಾಲ್ಕು ದಿನಾರಿಯಸ್, ಬಿಳಿಮೆಣಸಿಗೆ ಏಳು, ಹಿಪ್ಪಲಿಗೆ ಹದಿನೈದು ಎಂದು ಬರೆದಿಟ್ಟಿದ್ದಾನೆ. ರೋಮನ್ ಪೌಂಡ್ ನಮ್ಮ ಲೆಕ್ಕದಲ್ಲಿ ಸುಮಾರು 327 ಗ್ರಾಂ. ಅಂದರೆ ಕಾಲು ಕಿಲೋಕ್ಕಿಂತ ಸ್ವಲ್ಪ ಹೆಚ್ಚು ಕರಿಮೆಣಸಿನ ಬೆಲೆಗೆ ಪಾಂಪೇಯಲ್ಲಿ 64 ಸಲ ಅಗ್ಗದ ದ್ರಾಕ್ಷಾರಸ ಕುಡಿಯಬಹುದಿತ್ತು. ಪಶ್ಚಿಮ ಕರಾವಳಿಯ ಮುಜಿರಿಸ್‌ನಂಥ ಬಂದರುಗಳಿಂದ ಹಡಗೇರಿದ ಮೆಣಸು ಕೆಂಪು ಸಮುದ್ರ, ಈಜಿಪ್ಟ್ ಮಾರ್ಗವಾಗಿ ಇಲ್ಲಿಗೆ ತಲುಪುತ್ತಿತ್ತು. ಖಾರವೊಂದನ್ನು ಬಿಟ್ಟರೆ ಮೆಣಸಿನಲ್ಲಿ ಏನಿದೆಯೆಂದು ಅದನ್ನು ತರಲು ಭಾರತದವರೆಗೆ ಹೋಗುತ್ತಾರೆ ಎಂದು ಪ್ಲಿನಿ ಗೊಣಗಿದ್ದಾನೆ, ಪ್ರತಿ ವರ್ಷ ಸೆಸ್ಟರ್ಸ್ ಎಂಬ ರೋಮನ್ ನಾಣ್ಯದ ಲೆಕ್ಕದಲ್ಲಿ ಐದು ಕೋಟಿ ಭಾರತಕ್ಕೆ ಹರಿದುಹೋಗುತ್ತದೆಂದೂ ದೂರಿದ್ದಾನೆ. ವಿಸೂವಿಯಸ್ ಸ್ಫೋಟಿಸಿದಾಗ ನೌಕಾಪಡೆಯ ಅಧಿಕಾರಿಯಾಗಿದ್ದ ಅವನು ಜನರನ್ನು ಪಾರುಮಾಡಲು ಹಡಗುಗಳೊಡನೆ ಹೋಗಿ ಅಲ್ಲಿಯೇ ಸತ್ತ. ಒಂದು ಆಸ್‌ನ ಗಿರಾಕಿಗೆ ಮಾರುವ ಪ್ಲಾಸಿಡಸನು ಇಷ್ಟು ದುಬಾರಿ ಮೆಣಸನ್ನು ಧಾರಾಳವಾಗಿ ಹಾಕಿರಲಾರ. ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯಿಸಿ, ದರ ಏರಲೆಂದು ಮೂಟೆ ಕಟ್ಟಿಟ್ಟುಕೊಂಡಿರುವ ಚಿಕ್ಕಪ್ಪನಿಗೆ ಈ ದರ ಕೇಳಿ ಆದ ಸಂತೋಷ ಸಣ್ಣದಲ್ಲ.

ಅಂಗಡಿಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅದನ್ನು ನಮಗೆ ತೋರಿಸಿದ ಸೇವೆಗೆ ಅಷ್ಟು ಕೊಡಲಾರೆ. ನಾವು ಹಣ ಕಟ್ಟಿದ ಪ್ರವಾಸ ಸಂಸ್ಥೆಯ ಮಾರ್ಗದರ್ಶಕರು ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ಮಾತನಾಡಿದರು, ಸೌಜನ್ಯದಿಂದಲೂ ಇದ್ದರು. ಆದರೆ ಗುಡಾಣದ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯವನ್ನು ಹೇಳದೆ ಬಿಸಿ ಸಾರಿನ ಕಥೆಯನ್ನು ಸತ್ಯವೆಂಬಂತೆ ಒಪ್ಪಿಸಿದರು, ಪ್ರಶ್ನೆ ಕೇಳಿದಾಗ ಕೈಗಡಿಯಾರ ನೋಡಿಕೊಂಡರು. ಗುಂಪು ಮುಂದೆ ಹೋದ ಮೇಲೆ ನಾವಿಬ್ಬರೂ ಹಿಂದೆ ಉಳಿದು ನೋಡಿದ್ದೇ ನಿಜವಾದ ನೋಟ. ಸಾಧ್ಯವಿರುವವರು ಗುಂಪಿನೊಡನೆ ಹೋಗದೆ, ಮೊದಲೇ ಸ್ವಲ್ಪ ಓದಿಕೊಂಡು ತಾವೇ ಹೋಗುವುದು ಉತ್ತಮ.

ನೇಪಲ್ಸ್‌ನಿಂದ ಚರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲಿನಲ್ಲಿ ಪಾಂಪೇ ಸ್ಕಾವಿ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯೊಳಗೆ ತಲುಪಬಹುದು, ನಿಲ್ದಾಣದ ಎದುರಿಗೇ ಪ್ರವೇಶದ್ವಾರವಿದೆ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಮಂದಿಗೆ ಮಾತ್ರ ಪ್ರವೇಶವಿದ್ದು, ಟಿಕೆಟ್ ಮೇಲೆ ಹೆಸರು ಇರುವುದರಿಂದ ಪಾಸ್‌ಪೋರ್ಟ್ ಜೊತೆಗಿರಬೇಕು. ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ. ಬೀದಿಗಳ ಕಲ್ಲು ದೊಡ್ಡದು, ಉಬ್ಬುತಗ್ಗು, ನಡುವೆ ಗಾಡಿಚಕ್ರ ಸವೆಸಿದ ಆಳವಾದ ಜಾಡುಗಳಿವೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಬೇಕು, ಚಪ್ಪಲಿ ಸಾಲದು, ಶೂ ಬೇಕು. ನೆರಳು ಕಡಿಮೆ. ಹಳೆಯ ಬೀದಿ ನಲ್ಲಿಗಳಲ್ಲಿ ಕೆಲವಕ್ಕೆ ಈಗಲೂ ಕುಡಿಯುವ ನೀರು ಬರುತ್ತದೆ, ಬಾಟಲಿ ಒಯ್ದರೆ ಸಾಕು. ಹೊರಗೆ ಊಟಕ್ಕೆ ಸಸ್ಯಾಹಾರಿಗಳು ಮಾರಿನಾರಾ ಪಿಜ್ಜಾ ಕೇಳಬಹುದು. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಮತ್ತು ಒಣಸೊಪ್ಪು ಬಿಟ್ಟರೆ ಚೀಸ್ ಸಹ ಇರುವುದಿಲ್ಲ.

ಅದೇ ಬೀದಿಯಲ್ಲಿ ಅಸೆಲ್ಲಿನಾ ಎಂಬಾಕೆಯ ಅಂಗಡಿಯೂ ಇದೆ. ಅದರ ಹೊರಗೋಡೆಯಲ್ಲಿ ಚುನಾವಣೆಯ ಅಭ್ಯರ್ಥಿಗಳನ್ನು ಬೆಂಬಲಿಸಿ ಹೆಂಗಸರ ಹೆಸರಿನಲ್ಲಿ ಬರೆದ ಬರಹಗಳಿದ್ದವು, ಮತದಾನದ ಹಕ್ಕಿಲ್ಲದ ಹೆಂಗಸರು ಹೀಗೆ ಬರೆಸಿದ್ದರೆಂಬುದು ಕುತೂಹಲದ ಸಂಗತಿ. ಮೊಡೆಸ್ಟಸನ ಬೇಕರಿಯಲ್ಲಿ ಒಲೆಯೊಳಗೆ 81 ಬ್ರೆಡ್ಡುಗಳು ಕರಕಲಾಗಿ ಸಿಕ್ಕಿದ್ದವು. ಮರದ ಅಟ್ಟ, ಹೂಜಿ ಜೋಡಿಸುವ ಮರದ ಚೌಕಟ್ಟುಗಳನ್ನೂ ನೋಡಬೇಕೆನ್ನುವವರು ಹರ್ಕ್ಯುಲೇನಿಯಂಗೆ ಹೋಗಬೇಕು, ಅಲ್ಲಿ ಮರ ಇದ್ದಲಾಗಿ ಉಳಿದಿದೆ, ಜನಸಂದಣಿಯೂ ಕಡಿಮೆ.

ಅಂಗಡಿಗಳಿಂದ ತೆಗೆದ ಚಿತ್ರ ಮತ್ತು ಸಾಮಾನುಗಳು ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ, ಅದನ್ನು ಬಿಟ್ಟರೆ ಈ ಭೇಟಿ ಅರೆಯಾಗುತ್ತದೆ. ಸಾಲ್ವಿಯಸ್ ಎಂಬುವನ ಮದ್ಯದಂಗಡಿಯ ಗೋಡೆಯಿಂದ ತೆಗೆದ ಚಿತ್ರಸಾಲಿನಲ್ಲಿ ಜೂಜಾಡುವ ಇಬ್ಬರು ಜಗಳಕ್ಕೆ ಬಿದ್ದು, ಮಾಲೀಕ ಅವರನ್ನು ಹೊರಗೆ ಹೋಗಿ ಹೊಡೆದಾಡಿ ಎಂದು ತಳ್ಳುವ ದೃಶ್ಯವಿದೆ, ಮಾತುಗಳನ್ನು ತಲೆಯ ಮೇಲೆಯೇ ಬರೆದಿದ್ದಾರೆ. 1938ರಲ್ಲಿ ಪಾಂಪೇಯ ಮನೆಯೊಂದರಲ್ಲಿ ಸಿಕ್ಕ, ಭಾರತದಲ್ಲಿ ಕೆತ್ತಿದ ದಂತದ ಸ್ತ್ರೀಮೂರ್ತಿಯೂ ಇದೇ ಸಂಗ್ರಹದ್ದು. ಗೇಣುದ್ದದ ಆ ಮೂರ್ತಿಯ ಡಾಬು, ಕಡಗ, ಜಡೆಯ ಕೆಲಸವನ್ನು ಬೇಲೂರಿನ ಮದನಿಕೆಯರನ್ನು ನೋಡಿದ ಕಣ್ಣು ಬೇಗ ಬಿಡುವುದಿಲ್ಲ. ಮಂಗಳವಾರ ವಸ್ತುಸಂಗ್ರಹಾಲಯಕ್ಕೆ ರಜೆ ಇರುತ್ತದೆ, ಪ್ರವಾಸದ ದಿನಗಳನ್ನು ಹೊಂದಿಸುವಾಗ ಇದನ್ನು ನೋಡಿಕೊಳ್ಳಬೇಕು.